ಇಪ್ಪತ್ತು ಜನರ ಸಂಸ್ಥೆಯಲ್ಲಿ ಸಂಬಳದ ಲೆಕ್ಕ: ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ ತಪ್ಪದಂತೆ

ಮೊದಲು ತಲೆ ಎಣಿಸಿ. ಕರ್ನಾಟಕದಲ್ಲಿ ಅಂಗಡಿ, ಗ್ಯಾರೇಜು, ಪ್ರಿಂಟಿಂಗ್ ಪ್ರೆಸ್, ಬೇಕರಿ ಯಾವುದೇ ಇರಲಿ, ಹತ್ತು ಜನ ಆದ ಕೂಡಲೇ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬರುತ್ತದೆ, ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ). ಗುತ್ತಿಗೆದಾರರ ಮೂಲಕ ಬಂದ ಕಸ ಗುಡಿಸುವವರು, ಕಾವಲುಗಾರರು, ತಾತ್ಕಾಲಿಕ ಹುಡುಗರು ಎಲ್ಲರೂ ಈ ಎಣಿಕೆಗೆ ಸೇರುತ್ತಾರೆ. ‘ನಮ್ಮ ಮಸ್ಟರ್‌ನಲ್ಲಿ ಇರೋದು ಹದಿನೆಂಟೇ’ ಎಂದುಕೊಂಡು ಸುಮ್ಮನಿದ್ದವರಿಗೆ ಹಳೆಯ ತಿಂಗಳುಗಳ ಬಾಕಿ ಬಡ್ಡಿ ಸಮೇತ ಬರುವುದು ಇಲ್ಲಿಂದಲೇ. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗಲು ಆಗುವುದಿಲ್ಲ.

ಎರಡನೆಯದು, ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಎಂಬುದು. ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆಗುತ್ತವೆ. ವೇತನ ಸಂಹಿತೆ ಎಂಬ ಕೇಂದ್ರದ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ್ದೇ ವೇತನ. ಮನೆ ಬಾಡಿಗೆ, ಪ್ರಯಾಣದಂಥ ಭತ್ಯೆಗಳು ಹೊರಗೆ. ಆದರೆ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಒಟ್ಟು 30,000 ರೂಪಾಯಿಯಲ್ಲಿ ಬೇಸಿಕ್ ಮತ್ತು ಡಿಎ 12,000, ಭತ್ಯೆ 18,000 ಎಂದಿಟ್ಟರೆ, ಅರ್ಧಕ್ಕಿಂತ ಹೆಚ್ಚಿರುವ 3,000 ಸೇರಿ ವೇತನ 15,000 ಆಗುತ್ತದೆ. ಪಿಎಫ್ ಉಳಿಸಲು ಬೇಸಿಕ್ ತಗ್ಗಿಸಿ ಭತ್ಯೆ ಉಬ್ಬಿಸುವ ಹಳೆಯ ಉಪಾಯಕ್ಕೆ ಈಗ ಅರ್ಥವಿಲ್ಲ. ಆ ಉಪಾಯದಿಂದ ಕಡಿಮೆಯಾಗುತ್ತಿದ್ದುದು ನೌಕರರ ಮುಪ್ಪಿನ ಹಣವೇ. ಬೇಸಿಕ್ ಮತ್ತು ಡಿಎ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನೂ ಜೊತೆಗೇ ನೋಡಿಕೊಳ್ಳಿ. ರಾಜ್ಯದಲ್ಲಿ ತುಟ್ಟಿಭತ್ಯೆಯ ದರ ಏಪ್ರಿಲ್ 1ಕ್ಕೆ ಬದಲಾಗುತ್ತದೆ; ಮಾರ್ಚ್‌ನ ಪಟ್ಟಿಯನ್ನೇ ಏಪ್ರಿಲ್‌ಗೂ ನಕಲು ಮಾಡಬೇಡಿ.

ಈಗ ಒಬ್ಬರ ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. 22 ಜನರ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವರು. ಬೇಸಿಕ್ ಮತ್ತು ಡಿಎ ಸೇರಿ 20,000, ಬೇರೆ ಭತ್ಯೆ ಇಲ್ಲ. ಹಿಂದಿನ ಕೆಲಸದಿಂದಲೇ ಯುಎಎನ್ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಇದೆ, ಪಿಂಚಣಿ ಯೋಜನೆಯ ಸದಸ್ಯತ್ವವೂ ಇದೆ.

ಪಿಎಫ್‌ನ ಮಿತಿ 15,000. ಅದರ ಶೇ 12, ಅಂದರೆ 1,800 ಅವರ ಸಂಬಳದಿಂದ. ಇಎಸ್‌ಐ ಪೂರ್ತಿ 20,000ದ ಮೇಲೆ, ಶೇ 0.75: 150. ವೃತ್ತಿ ತೆರಿಗೆ ಇಲ್ಲ, ಏಕೆಂದರೆ ಅದು 25,000ಕ್ಕೆ ಶುರು. ಕೈಗೆ ಸಿಗುವುದು 18,050.

ಮಾಲೀಕರ ಪಾಲು ಬೇರೆ. ಪಿಎಫ್ 1,800, ಅದರಲ್ಲಿ 1,250 ಪಿಂಚಣಿಗೆ, 550 ಭವಿಷ್ಯ ನಿಧಿಗೆ. ವಿಮೆ ಶೇ 0.5, ಆಡಳಿತ ಶುಲ್ಕ ಶೇ 0.5, ಎರಡೂ 75ರಂತೆ 150. ಇಎಸ್‌ಐ ಶೇ 3.25, ಅಂದರೆ 650. ಒಟ್ಟು 2,600. ಇದನ್ನು ನೌಕರರ ಸಂಬಳದಿಂದ ಕತ್ತರಿಸುವುದು ಕಾನೂನುಬಾಹಿರ. ಕೆಲಸಕ್ಕೆ ತೆಗೆದುಕೊಳ್ಳುವ ದಿನವೇ ಈ ಆಸಾಮಿಯ ತಿಂಗಳ ಖರ್ಚು 22,600 ಎಂದು ಬರೆದಿಟ್ಟುಕೊಂಡರೆ ಆಮೇಲೆ ಕೈ ಕಟ್ಟುವುದಿಲ್ಲ.

ಇದೇ ವ್ಯಕ್ತಿ 30 ದಿನದ ತಿಂಗಳಲ್ಲಿ ಹತ್ತು ದಿನ ಸಂಬಳವಿಲ್ಲದ ರಜೆ ಹಾಕಿದರು ಎನ್ನಿ. ಗಳಿಸಿದ್ದು 13,333. ಆಗ 15,000ದ ಮಿತಿಯನ್ನು 10,000ಕ್ಕೆ ಇಳಿಸಬೇಡಿ. ಮಿತಿ ದಿನದ ಲೆಕ್ಕದಲ್ಲಿ ಕುಗ್ಗುವುದಿಲ್ಲ. 13,333ರ ಶೇ 12, ಅಂದರೆ 1,600 ಕಟ್ಟಬೇಕು. ಇಎಸ್‌ಐನಲ್ಲಿ ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಿ: ನೌಕರರದು 100, ಮಾಲೀಕರದು 434.

ಇಎಸ್‌ಐಗೆ ಇರುವ ಸಂಬಳದ ಮಿತಿ 21,000. ಜೂನ್‌ನಲ್ಲಿ ಸಂಬಳ 22,500ಕ್ಕೆ ಏರಿದರೆ ತಕ್ಷಣ ಕಡಿತ ನಿಲ್ಲಿಸುವವರು ಬಹಳ. ಅದು ತಪ್ಪು. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಮಿತಿ ದಾಟಿದರೂ ಸೆಪ್ಟೆಂಬರ್ 30ರವರೆಗೆ ಪೂರ್ತಿ 22,500ರ ಮೇಲೆ ಕಟ್ಟಬೇಕು. ನಡುವೆ ನಿಲ್ಲಿಸಿದರೆ ಕಾಯಿಲೆ ರಜೆಯ ಹಣಕ್ಕೆ ಬೇಕಾದ 78 ದಿನಗಳ ವಂತಿಗೆಯೇ ಕೊರತೆ ಬಿದ್ದು, ಆಸ್ಪತ್ರೆಯಲ್ಲಿ ಮಲಗಿದವರಿಗೆ ಅದು ಗೊತ್ತಾಗುತ್ತದೆ.

ವೃತ್ತಿ ತೆರಿಗೆ ಸರಳ. ತಿಂಗಳ ಒಟ್ಟು ಸಂಬಳ 25,000 ಅಥವಾ ಹೆಚ್ಚಿದ್ದರೆ 200. ಫೆಬ್ರವರಿಯಲ್ಲಿ ಮಾತ್ರ 300. ಓವರ್‌ಟೈಮ್ ಸೇರಿ ಒಂದು ತಿಂಗಳು 25,000 ದಾಟಿದರೆ ಆ ತಿಂಗಳು ಕತ್ತರಿಸಬೇಕು. 60 ವರ್ಷ ದಾಟಿದವರಿಗೆ ವಿನಾಯಿತಿ. ಮಾಲೀಕರು ತಮ್ಮ ಹೆಸರಿನ 2,500ನ್ನು ಏಪ್ರಿಲ್ 30ರೊಳಗೆ ಬೇರೆಯಾಗಿ ಕಟ್ಟಬೇಕು, ಇದನ್ನು ಮರೆಯುವವರೇ ಜಾಸ್ತಿ.

ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಾರೀಕು ಗುರುತು ಹಾಕಿ. 7ಕ್ಕೆ ಹಿಂದಿನ ತಿಂಗಳ ಸಂಬಳ ಕೈಸೇರಿರಬೇಕು, ಟಿಡಿಎಸ್ (ಸಂಬಳದಿಂದ ಹಿಡಿದ ಆದಾಯ ತೆರಿಗೆ) ಇದ್ದರೆ ಅದೂ ಕಟ್ಟಿರಬೇಕು. 15ಕ್ಕೆ ಪಿಎಫ್ ಮತ್ತು ಇಎಸ್‌ಐ. 20ಕ್ಕೆ ವೃತ್ತಿ ತೆರಿಗೆ. ಹದಿನೈದನೇ ತಾರೀಕು ಸಂಜೆ ಪೋರ್ಟಲ್ ತೆರೆದು ಕೂರಬೇಡಿ; ಆಧಾರ್‌ನಲ್ಲಿರುವ ಹೆಸರಿಗೂ ನಿಮ್ಮ ಪಟ್ಟಿಯ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಹೊಸ ಯುಎಎನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. 2025ರ ಆಗಸ್ಟ್‌ನಿಂದ ಹೊಸಬರ ಯುಎಎನ್ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಪಡೆಯುವಂತಾಗಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೂರಿಸಿ ಮಾಡಿಸಿ, ನೇಮಕಾತಿ ಪತ್ರವನ್ನೂ ಅಂದೇ ಕೊಡಿ, ಅದೀಗ ಕಡ್ಡಾಯ.

ತಡವಾದರೆ ಪಿಎಫ್‌ಗೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ತಿಂಗಳಿಗೆ ಶೇ 1 ದಂಡ. ವ್ಯಾಪಾರ ಬಿಗಿಯಾದ ತಿಂಗಳು ನಿಮ್ಮ ಪಾಲು ತಡವಾಗುವುದು ಒಂದು ಮಾತು, ನೌಕರರಿಂದ ಕತ್ತರಿಸಿದ 1,800ನ್ನು ಕಾಗದದ ಸಾಲ ತೀರಿಸಲು ಬಳಸುವುದು ಬೇರೆಯೇ ಮಾತು. ಕತ್ತರಿಸಿ ಕಟ್ಟದಿದ್ದರೆ ಅದು ಕ್ರಿಮಿನಲ್ ನಂಬಿಕೆ ದ್ರೋಹ, ಪೊಲೀಸ್ ಕೇಸಾಗುತ್ತದೆ. ಸಂಬಳ ಹಾಕಿದ ದಿನವೇ ಕಡಿತದ ಮೊತ್ತವನ್ನು ಇನ್ನೊಂದು ಖಾತೆಗೆ ವರ್ಗಾಯಿಸಿಬಿಡಿ. ಕಣ್ಣೆದುರು ಇಲ್ಲದ ಹಣಕ್ಕೆ ಕೈ ಹೋಗುವುದಿಲ್ಲ.

ಕೆಲಸ ಬಿಟ್ಟವರ ಲೆಕ್ಕಕ್ಕೆ ತಿಂಗಳ ಕೊನೆವರೆಗೆ ಕಾಯುವಂತಿಲ್ಲ. ರಾಜೀನಾಮೆಯಿರಲಿ, ತೆಗೆದುಹಾಕಿದ್ದಿರಲಿ, ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಐದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ 30 ದಿನದೊಳಗೆ. ನಿಗದಿತ ಅವಧಿಯ ಕರಾರಿನವರಿಗೆ ಒಂದು ವರ್ಷವೇ ಸಾಕು. ಲೆಕ್ಕ ಹೀಗೆ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಮತ್ತೆ ಗುಣಿಸಿ. ನಮ್ಮ ಯಂತ್ರದವರು ಆರು ವರ್ಷ ದುಡಿದು ಹೊರಟರೆ 69,231 ರೂಪಾಯಿ. ಜೊತೆಗೇ ಪಿಎಫ್ ಪೋರ್ಟಲ್‌ನಲ್ಲಿ ಅವರು ಬಿಟ್ಟ ದಿನಾಂಕ ತುಂಬಿ. ನೀವು ತುಂಬದಿದ್ದರೆ ಅವರೇ ತುಂಬಿಕೊಳ್ಳಲು ಎರಡು ತಿಂಗಳು ಕಾಯಬೇಕು.