ಭಾನುವಾರದ ಕಡುಬಿಗೆ ಸೋಮವಾರದಿಂದಲೇ ಎಸರು

ವಾರವಿಡೀ ಕಚೇರಿ, ತೋಟ, ಶಾಲೆ, ಟ್ಯೂಷನ್ನು. ಭಾನುವಾರ ಒಂದಿಷ್ಟು ಜನ ಸೇರಿ ಅಕ್ಕಿ ತರಿಯ ಕಡುಬು ತಿಂದು, ಮಧ್ಯಾಹ್ನ ಚೌಕಾಬಾರ ಆಡೋಣ ಅಂತ ಮಾತಾಗಿರುತ್ತದೆ. ಆದರೆ ಆ ಭಾನುವಾರ ಮನೆಯ ಹೆಂಗಸರು ಮೂರು ಗಂಟೆಯಾದರೂ ಒಲೆ ಮುಂದಿನಿಂದ ಎದ್ದಿರುವುದಿಲ್ಲ, ಬಂದವರು ಟಿ.ವಿ. ನೋಡಿ ಆಕಳಿಸುತ್ತಿರುತ್ತಾರೆ. ಇದಕ್ಕೆ ಕಾರಣ ಕಡುಬಲ್ಲ. ತರಿ ಮಾಡುವುದರಿಂದ ಹಿಡಿದು ಖಾರ ಅರೆಯುವವರೆಗೆ ಎಲ್ಲವನ್ನೂ ಒಂದೇ ಬೆಳಿಗ್ಗೆಗೆ ಪೇರಿಸಿಟ್ಟಿದ್ದು ಕಾರಣ. ಕಡುಬಿನಲ್ಲಿ ಆಗಿಂದಾಗಲೇ ಆಗಬೇಕಾದ ಕೆಲಸ ಎರಡೇ: ಬಿಸಿ ಹಿಟ್ಟು ನಾದುವುದು, ಹಬೆಯಲ್ಲಿ ಬೇಯಿಸುವುದು. ಉಳಿದದ್ದೆಲ್ಲ ವಾರದ ಸಂಜೆಗಳಲ್ಲಿ ಅರ್ಧರ್ಧ ಗಂಟೆಯಾಗಿ ಮುಗಿಯುತ್ತದೆ.

ಇಲ್ಲಿ ಕೊಟ್ಟಿರುವ ಲೆಕ್ಕ 12 ಜನರದ್ದು: ಎಂಟು ಮಂದಿ ದೊಡ್ಡವರು, ನಾಲ್ಕು ಮಕ್ಕಳು.

ಸೋಮವಾರ: ತಲೆ ಎಣಿಕೆ

ಸಂಜೆ ಕಾಫಿ ಕುಡಿಯುತ್ತಲೇ ಮುಗಿಯುವ ಕೆಲಸ. ಯಾರು ಬರುತ್ತಾರೆ, ಅವರಲ್ಲಿ ಕೋಳಿ ತಿನ್ನದವರೆಷ್ಟು, ಎಷ್ಟೊತ್ತಿಗೆ ಬರುತ್ತಾರೆ, ಈ ಮೂರು ಗೊತ್ತಾಗಬೇಕು. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಬರುವವರಿಗೆ 60 ಕಿಲೋಮೀಟರಿನ ಆಸುಪಾಸಿನ ದಾರಿ. ‘ಹನ್ನೊಂದಕ್ಕೆಲ್ಲ ಬಂದ್ಬಿಡ್ತೀವಿ’ ಅಂದರೆ ಹನ್ನೆರಡೂವರೆ ಅಂತ ಬರೆದುಕೊಳ್ಳಿ. ಕಾಫಿ ಕುಯ್ಲಿನ ಕಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರಿಗೆ ಭಾನುವಾರವೂ ಬಿಡುವು ಸಿಗುವುದು ಕಷ್ಟ. ಅವರನ್ನು ಕರೆಯಬೇಕಿದ್ದರೆ ಕುಯ್ಲು ಮುಗಿಯಲಿ.

‘ನಾವೇನಾದ್ರೂ ತರೋದಾ?’ ಅಂತ ಕೇಳಿದವರಿಗೆ ‘ಅಯ್ಯೋ, ಏನೂ ಬೇಡ, ನೀವು ಬನ್ನಿ ಸಾಕು’ ಅನ್ನುವುದು ನಮ್ಮ ಕಡೆ ಮರ್ಯಾದೆ. ಪರಿಣಾಮವಾಗಿ ನಾಲ್ಕು ಮನೆಯವರೂ ನಾಲ್ಕು ಡಬ್ಬ ಮೈಸೂರುಪಾಕು ಹಿಡಿದು ಬರುತ್ತಾರೆ, ಮೊಸರು ಮಾತ್ರ ಇರುವುದಿಲ್ಲ. ಹೆಸರು ಹಿಡಿದು, ಅಳತೆ ಹೇಳಿ ಕೊಟ್ಟುಬಿಡಿ: ಒಬ್ಬರಿಗೆ ಎರಡು ಲೀಟರ್ ಮೊಸರು, ಇನ್ನೊಬ್ಬರಿಗೆ 15 ಬಾಳೆಲೆ ಮತ್ತು ಒಂದು ಚಿಪ್ಪು ಏಲಕ್ಕಿ ಬಾಳೆ, ಮತ್ತೊಬ್ಬರಿಗೆ ಅವರ ಮನೆಯ ಇಡ್ಲಿ ಪಾತ್ರೆ. ಈ ಕೊನೆಯದು ಎಷ್ಟು ಮುಖ್ಯ ಅನ್ನುವುದು ಭಾನುವಾರ ಗೊತ್ತಾಗುತ್ತದೆ.

ಮಂಗಳವಾರ, ಬುಧವಾರ: ತರಿ

ಕಡುಬಿನ ಹಣೆಬರಹ ತರಿಯಲ್ಲೇ ನಿರ್ಧಾರವಾಗುವುದರಿಂದ ಇಲ್ಲಿ ಅವಸರ ಬೇಡ. ಅಂಗಡಿಯ ಅಕ್ಕಿ ರವೆಯಲ್ಲಿ ಕಡುಬು ಆಗುವುದಿಲ್ಲ ಅಂತಲ್ಲ. ಆದರೆ ಅದರಲ್ಲಿ ಹುಡಿ ಎಷ್ಟಿದೆ, ಅಕ್ಕಿ ಯಾವುದು ಅನ್ನುವುದು ನಮ್ಮ ಕೈಲಿರುವುದಿಲ್ಲ.

ಬೇಕಾದದ್ದು ಒಂದೂಕಾಲು ಕೆ.ಜಿ. ಬೆಳ್ತಿಗೆ ಅಕ್ಕಿ, ವರ್ಷ ಕಳೆದ ಹಳೆಯದಾದರೆ ಉತ್ತಮ. ಹೊಸ ಅಕ್ಕಿ ಅಂಟಂಟಾಗುತ್ತದೆ. ಕುಸುಬಲಕ್ಕಿ ಬೇಡವೇ ಬೇಡ. ಹೊಳೆನರಸೀಪುರ, ಅರಕಲಗೂಡು ಕಡೆಯ ರಾಜಮುಡಿ ಸಿಕ್ಕರೆ ಕಡುಬಿಗೆ ನಸುಗೆಂಪು ಬಣ್ಣ, ಒಳ್ಳೆ ಘಮ ಬರುತ್ತದೆ. ಅದು ಸ್ವಲ್ಪ ಹೆಚ್ಚು ನೀರು ಕುಡಿಯುತ್ತದೆ ಅಷ್ಟೆ.

ಮಂಗಳವಾರ ರಾತ್ರಿ ಅಕ್ಕಿಯನ್ನು ಎರಡು ನೀರಿನಲ್ಲಿ ತೊಳೆದು, ಬಸಿದು, ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಹಾಕಿ ಮಲಗಿ. ನೆನೆಸುವುದು ಬೇಡ. ನೆನೆದ ಅಕ್ಕಿ ಗಿರಣಿಯಲ್ಲಿ ಹಿಟ್ಟಾಗುತ್ತದೆಯೇ ಹೊರತು ತರಿಯಾಗುವುದಿಲ್ಲ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಒಂದು ರಾತ್ರಿಗೆ ಅಕ್ಕಿ ಒಣಗುವುದಿಲ್ಲ. ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಬಿಸಿಯಾದರೆ ಸಾಕು, ಬಣ್ಣ ತಿರುಗಬಾರದು.

ಬುಧವಾರ ಗಿರಣಿಗೆ. ಮೆಣಸಿನಕಾಯಿ ಬೀಸಿದ ಬೆನ್ನಿಗೇ ನಿಮ್ಮ ಅಕ್ಕಿ ಬಿದ್ದರೆ ಮಕ್ಕಳು ತಿನ್ನುವ ಕಡುಬಿಗೆ ಖಾರ ಹತ್ತುತ್ತದೆ, ಬಣ್ಣವೂ ಕೆಡುತ್ತದೆ. ಯಾರದಾದರೂ ಅಕ್ಕಿ ಬೀಸಿದ ಮೇಲೆ ನಿಮ್ಮದು ಹಾಕಿಸಿ. ಸಣ್ಣ ರವೆಗಿಂತ ದಪ್ಪ, ನುಚ್ಚಿಗಿಂತ ಸಣ್ಣ, ಈ ಹದ ಹೇಳಿದರೆ ಗಿರಣಿಯವರಿಗೆ ತಿಳಿಯುತ್ತದೆ. ಕರೆಂಟು ಹೋಗಿ ಗಿರಣಿ ನಿಂತಿದ್ದರೆ ಮನೆಯ ಮಿಕ್ಸಿಯೇ ಗತಿ. ಒಂದು ಸಲಕ್ಕೆ ಎರಡು ಹಿಡಿ ಮಾತ್ರ ಹಾಕಿ, ಮೂರು ಸೆಕೆಂಡು ಓಡಿಸಿ ನಿಲ್ಲಿಸಿ, ಹೀಗೆ ನಾಲ್ಕೈದು ಸಲ. ಬಿಡದೆ ಓಡಿಸಿದರೆ ತಳದಲ್ಲಿ ಹಿಟ್ಟು, ಮೇಲೆ ಇಡೀ ಅಕ್ಕಿ.

ಬೀಸಿದ್ದನ್ನು ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ. ಒಂದೂಕಾಲು ಕೆ.ಜಿ. ಅಕ್ಕಿಗೆ ಹತ್ತಿರ ಹತ್ತಿರ ಒಂದು ಕೆ.ಜಿ. ತರಿ ಸಿಗುತ್ತದೆ. ಕೆಳಗಿಳಿದ ಹಿಟ್ಟು ಗುರುವಾರ ಬೆಳಗಿನ ಅಕ್ಕಿರೊಟ್ಟಿಗಾಯಿತು. ಜರಡಿ ಹಿಡಿಯಲು ಬೇಜಾರೆಂದು ಬಿಟ್ಟರೆ ಆ ಹಿಟ್ಟೇ ಕಡುಬನ್ನು ಹಲ್ಲಿಗಂಟುವ ಮುದ್ದೆ ಮಾಡುತ್ತದೆ. ತರಿಯನ್ನು ಇನ್ನೊಂದು ರಾತ್ರಿ ಹರಡಿ ಪೂರ್ತಿ ಒಣಗಿಸಿಯೇ ಡಬ್ಬಕ್ಕೆ ತುಂಬಿ. ಪಸೆ ಉಳಿದರೆ ಶನಿವಾರಕ್ಕೆ ಮುಗ್ಗಲು ವಾಸನೆ.

ಗುರುವಾರ: ಖಾರದ ಪುಡಿ

ಎರಡೂವರೆ ಕೆ.ಜಿ. ಕೋಳಿಗೆ: ಧನಿಯ 75 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 20 ಗ್ರಾಂ, ಗುಂಟೂರು 10 ಗ್ರಾಂ, ಕಾಳುಮೆಣಸು ಎರಡು ಚಮಚ, ಜೀರಿಗೆ ಒಂದು ಚಮಚ, ಗಸಗಸೆ ಎರಡು ಚಮಚ, ಬೆರಳುದ್ದದ ಮೂರು ಚಕ್ಕೆ, ಎಂಟು ಲವಂಗ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಧನಿಯ ಹದಕ್ಕೆ ಬರುವಷ್ಟರಲ್ಲಿ ಗಸಗಸೆ ಸೀದಿರುತ್ತದೆ, ಸೀದ ಗಸಗಸೆಯ ಕಹಿ ಎಷ್ಟು ತೆಂಗಿನಕಾಯಿ ಹಾಕಿದರೂ ಹೋಗುವುದಿಲ್ಲ. ಆರಿದ ಮೇಲೆ ಪುಡಿ ಮಾಡಿ ಗಾಳಿಯಾಡದ ಡಬ್ಬದಲ್ಲಿಡಿ.

ಶುಕ್ರವಾರ ಏನೂ ಇಲ್ಲ. ಬೇಕೆಂದೇ ಬಿಟ್ಟಿದ್ದು. ವಾರದಲ್ಲಿ ಯಾವುದಾದರೂ ಒಂದು ಸಂಜೆ ಮೀಟಿಂಗು, ಜ್ವರ, ನೆಂಟರು ಅಂತ ಹಾಳಾಗಿಯೇ ಆಗುತ್ತದೆ. ಆ ಕೆಲಸ ಇಲ್ಲಿಗೆ ಬರಲಿ.

ಶನಿವಾರ: ಮಕ್ಕಳೂ ಕೈಗೆ ಸಿಗುತ್ತಾರೆ

ಶಾಲೆ ಅರ್ಧ ದಿನ. ಮಧ್ಯಾಹ್ನ ಸಾಮಾನು ತರುವುದು, ಸಂಜೆ ಸುಲಿಯುವುದು.

ನಾಟಿ ಕೋಳಿಯನ್ನು ಶನಿವಾರವೇ ಹೇಳಿಟ್ಟು ಭಾನುವಾರ ಬೆಳಿಗ್ಗೆ ಎಂಟಕ್ಕೆ ತಂದರೆ ಸರಿ. ಅರಿಶಿನ ಹಚ್ಚಿ, ಸುಟ್ಟು, ಚರ್ಮದ ಸಮೇತ ಕೊಯ್ಯಲು ಹೇಳಿ. ಚರ್ಮದ ಜಿಡ್ಡಿಲ್ಲದ ಸಾರು ಕಡುಬಿಗೆ ಹಿಡಿಯುವುದಿಲ್ಲ. ಚರ್ಮ ತೆಗೆದ ಫಾರಂ ಕೋಳಿ ಬೇಗ ಬೇಯುತ್ತದೆ ಅನ್ನುವುದೊಂದೇ ಅದರ ಹೆಚ್ಚುಗಾರಿಕೆ.

ಕೋಳಿ ತಿನ್ನದವರಿಗೆ ಅವರೆ ಕಾಲವಾದರೆ ಹಿತಕಿದ ಬೇಳೆ ಸಾರು. ನಾಲ್ಕೈದು ಜನಕ್ಕೆ ಅರ್ಧ ಕೆ.ಜಿ. ಸುಲಿದ ಕಾಳು ಸಾಕು. ತಂದ ಕೂಡಲೇ ನೀರಿಗೆ ಹಾಕಿಟ್ಟರೆ ಸಂಜೆಗೆ ಸಿಪ್ಪೆ ಉಬ್ಬಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಎದುರಿನವರ ಮುಖಕ್ಕೆ ಹೋಗುತ್ತದೆ. ಮಕ್ಕಳು ಈ ಕೆಲಸಕ್ಕೆ ತಾವಾಗಿ ಬರುವುದು ಇದೇ ಕಾರಣಕ್ಕೆ. ಅಗಲದ ತಟ್ಟೆ ಕೊಟ್ಟು ಕೂರಿಸಿ. ಅವರೆ ಇಲ್ಲದ ಕಾಲಕ್ಕೆ ಅಲಸಂದೆ ಕಾಳನ್ನು ರಾತ್ರಿ ನೆನೆಹಾಕಿ.

ಮಲಗುವ ಮುನ್ನ ಆರು ಈರುಳ್ಳಿ, ಎರಡು ಗಡ್ಡೆ ಬೆಳ್ಳುಳ್ಳಿ, ಎರಡಿಂಚು ಶುಂಠಿಯನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ ಅರೆದು ಫ್ರಿಜ್ಜಿಗಿಡಿ. ಕಾಯಿಯನ್ನು ಮಾತ್ರ ಇದರ ಜೊತೆ ಅರೆಯಬೇಡಿ. ಅರೆದ ಹಸಿಕಾಯಿ ಬೇಗ ಹುಳಿಯುತ್ತದೆ, ಮಸಾಲೆಯನ್ನೂ ಕೆಡಿಸುತ್ತದೆ. ಒಂದೂವರೆ ಕಾಯಿ ತುರಿದು ಬೇರೆ ಇಟ್ಟು ಬೆಳಿಗ್ಗೆ ಅರೆದರಾಯಿತು.

ಭಾನುವಾರ: ಒಲೆಯ ಮುಂದೆ ಮೂರೂವರೆ ಗಂಟೆ

ಊಟ ಒಂದೂವರೆಗೆ ಅಂತಿಟ್ಟುಕೊಳ್ಳಿ.

ಹತ್ತು ಗಂಟೆಗೆ ಶುರು: ಮೊದಲು ಸಸ್ಯಾಹಾರದ ಸಾರು, ಅದರದ್ದೇ ಪಾತ್ರೆ, ಅದರದ್ದೇ ಸೌಟು. ಅದು ಮುಚ್ಚಿ ಪಕ್ಕಕ್ಕೆ ಹೋದ ಮೇಲೆ ಕೋಳಿ. ಅರಿಶಿನ, ಉಪ್ಪು ಹಾಕಿ ಕೋಳಿಯನ್ನು ಅದರ ನೀರಿನಲ್ಲೇ ಹತ್ತು ನಿಮಿಷ ಹುರಿದು, ಅರೆದ ಮಸಾಲೆ, ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ, ಎರಡೂವರೆ ಲೀಟರ್ ಬಿಸಿನೀರು ಹೊಯ್ಯಿರಿ. ನಾಟಿಗೆ ಕುಕ್ಕರಿನಲ್ಲಿ ಆರೇಳು ಕೂಗು ಬೇಕು. ಫಾರಂ ಕೋಳಿಗೆ ಕುಕ್ಕರೇ ಬೇಡ, ತೆರೆದ ಪಾತ್ರೆಯಲ್ಲಿ 20 ನಿಮಿಷ. ಕಾಯಿ ಅರೆದದ್ದು ಕೊನೆಗೆ, ಆಮೇಲೆ ಎರಡು ಕುದಿ. ಸಾರು ತೆಳ್ಳಗಿರಲಿ. ಮುದ್ದೆಯ ಹಾಗೆ ಜಾರಿ ಹೋಗದೆ ಕಡುಬು ಸಾರು ಹೀರುತ್ತದೆ, ಗಟ್ಟಿ ಸಾರಿದ್ದರೆ ಎಲೆಯ ಮೇಲೆ ಎರಡೇ ನಿಮಿಷಕ್ಕೆ ಒಣಗುತ್ತದೆ.

ಹನ್ನೆರಡಕ್ಕೆ ಎಸರು. 200 ಮಿ.ಲೀ. ಲೋಟದಲ್ಲಿ ಅಳೆದರೆ ಒಂದು ಕೆ.ಜಿ. ತರಿ ಏಳು ಲೋಟದಷ್ಟಾಗುತ್ತದೆ. ಅದನ್ನು ಒಂದೇ ಸಲ ಬೇಯಿಸಬೇಡಿ. ಮೂರೂವರೆ ಲೋಟ ತರಿ, ಏಳು ಲೋಟ ನೀರು, ಎರಡು ಚಮಚ ಉಪ್ಪು, ಒಂದು ದೊಡ್ಡ ಚಮಚ ತುಪ್ಪ, ಹೀಗೆ ಎರಡು ಸಲ. ಒಟ್ಟಿಗೆ ಮಾಡಿದರೆ ಕೊನೆಯ ಉಂಡೆ ಕಟ್ಟುವ ಹೊತ್ತಿಗೆ ಹಿಟ್ಟು ತಣ್ಣಗಾಗಿ ಬಿರುಕು ಬಿಡುತ್ತದೆ. ರಾಜಮುಡಿಯಾದರೆ ಇನ್ನರ್ಧ ಲೋಟ ನೀರು.

ಎಸರು ಮರಳುವಾಗ ಒಂದು ಕೈಲಿ ತರಿ ಉದುರಿಸುತ್ತ ಇನ್ನೊಂದು ಕೈಲಿ ಮುದ್ದೆ ಕೋಲು ತಿರುವಿ. ಗಂಟಾಗುವುದು ತರಿ ಜಾಸ್ತಿಯಾಗಿದ್ದಕ್ಕಲ್ಲ, ಒಂದೇ ಕಡೆ ಸುರಿದಿದ್ದಕ್ಕೆ. ನೀರು ಎಳೆದುಕೊಂಡ ಮೇಲೆ ಮುಚ್ಚಿ, ಉರಿ ಸಣ್ಣ ಮಾಡಿ ಎಂಟು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೆರಡು ನಿಮಿಷ.

ಇನ್ನು ನಾದುವುದು. ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದಬೇಕು, ಅದಕ್ಕೇ ಪಕ್ಕದಲ್ಲಿ ತಣ್ಣೀರ ಬೋಗುಣಿ. ಅಂಗೈ ಅದ್ದಿ ಅದ್ದಿ ನಾಲ್ಕೈದು ನಿಮಿಷ ಚೆನ್ನಾಗಿ ನಾದಿ, ಮುಷ್ಟಿ ತುಂಬುವ ಉಂಡೆ ಕಟ್ಟಿ. ಎರಡೂ ಸಲ ಸೇರಿ 45ರವರೆಗೆ ಆಗುತ್ತದೆ. ದೊಡ್ಡವರಿಗೆ ನಾಲ್ಕರಂತೆ, ಮಕ್ಕಳಿಗೆ ಎರಡರಂತೆ ಕೊಟ್ಟು ನಾಲ್ಕೈದು ಉಳಿಯಬೇಕು. ಉಳಿಯದಿದ್ದರೆ ಕರೆದವರಿಗೆ ಸಮಾಧಾನವಾಗುವುದಿಲ್ಲ.

ಉಂಡೆ ಇಡುವ ಮೊದಲೇ ಇಡ್ಲಿ ಪಾತ್ರೆಯ ನೀರು ಕುದಿಯುತ್ತಿರಬೇಕು. ತಣ್ಣೀರಿನ ಮೇಲಿಟ್ಟು ಒಲೆ ಹಚ್ಚಿದರೆ ಕಡುಬಿನ ಹೊರಗೆ ಜಿಗುಟು, ಒಳಗೆ ಹಸಿ. ಮುಚ್ಚಳಕ್ಕೊಂದು ಬಟ್ಟೆ ಸುತ್ತಿದರೆ ಆವಿಯ ನೀರು ಕಡುಬಿನ ಮೇಲೆ ತೊಟ್ಟಿಕ್ಕುವುದಿಲ್ಲ. ದೊಡ್ಡ ಉರಿಯಲ್ಲಿ 15 ನಿಮಿಷ. ಮೂರು ಒಬ್ಬೆ ಬೇಯುವಷ್ಟರಲ್ಲಿ ನೀರು ಬತ್ತಿ ತಳ ಸೀಯುವುದು ಮಾಮೂಲು. ಅದಕ್ಕೆ ಹಳೆಯ ಉಪಾಯವೊಂದಿದೆ: ತಳದ ನೀರಿಗೆ ತೊಳೆದ ಒಂದು ನಾಣ್ಯ ಹಾಕಿಬಿಡಿ. ನೀರು ಕುದಿಯುವಷ್ಟು ಹೊತ್ತೂ ಅದು ಟಣಟಣ ಕುಣಿಯುತ್ತಿರುತ್ತದೆ. ನೀವು ಹಜಾರದಲ್ಲಿ ಮಾತಾಡುತ್ತಿದ್ದರೂ ಕಿವಿ ಆ ಕಡೆಗಿದ್ದರೆ ಸಾಕು. ಸದ್ದು ನಿಂತರೆ ನೀರು ಮುಗಿಯಿತೆಂದು ಲೆಕ್ಕ, ಓಡಿಹೋಗಿ ಬಿಸಿನೀರು ಹೊಯ್ಯಿರಿ. ಮತ್ತೊಂದು ಮನೆಯ ಇಡ್ಲಿ ಪಾತ್ರೆ ಕೇಳಿದ್ದೂ ಇಲ್ಲಿಗೇ. ಒಂದೇ ಪಾತ್ರೆಯಾದರೆ ಮುಕ್ಕಾಲು ಗಂಟೆ, ಎರಡಿದ್ದರೆ ಅರ್ಧ ಗಂಟೆ.

ಕಡುಬು ಗಟ್ಟಿಯಾಗಿ ಬಂದರೆ ಎಸರು ಕಡಿಮೆಯಾಗಿದೆ. ಕಚ್ಚಿದಾಗ ತರಿ ಹಲ್ಲಿಗೆ ಸಿಕ್ಕರೆ ಸಣ್ಣ ಉರಿಯ ಎಂಟು ನಿಮಿಷದಲ್ಲಿ ಕಳ್ಳತನವಾಗಿದೆ. ಮೊದಲ ಸಲ ಹೀಗಾದರೆ ಎರಡನೆಯ ಸಲ ಸರಿಮಾಡಿಕೊಳ್ಳಬಹುದು. ಎರಡು ಸಲವಾಗಿ ಬೇಯಿಸುವುದರ ಇನ್ನೊಂದು ಲಾಭ ಇದು.

ಕೊನೆಯ ಒಬ್ಬೆ ಒಲೆಯ ಮೇಲಿರುವಾಗ ಕಾಫಿ ಫಿಲ್ಟರಿಗೆ ಬಿಸಿನೀರು ಹಾಕಿಬಿಡಿ. 12 ಲೋಟಕ್ಕೆ 80 ಗ್ರಾಂ ಪುಡಿ, 400 ಮಿ.ಲೀ.ನಷ್ಟು ಡಿಕಾಕ್ಷನ್ ಬೇಕು. ಮನೆಯ ಫಿಲ್ಟರಿಗೆ ಇದು ಎರಡು ಸರದಿ. ಪುಡಿಯನ್ನು ಒತ್ತಿ ತುಂಬಿದರೆ ಊಟ ಮುಗಿದರೂ ಹನಿ ಇಳಿದಿರುವುದಿಲ್ಲ.

ಎಲೆ ಎತ್ತಿದ ಮೇಲೆ

ಚೌಕಾಬಾರಕ್ಕೆ ಐದೈದು ಮನೆಯ ಚೌಕ, ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಬರೆಯಿರಿ. ನಾಲ್ಕು ಬದಿಯ ನಡುಮನೆ, ಮಧ್ಯದ ಮನೆ, ಈ ಐದಕ್ಕೆ ಕತ್ತರಿ ಗುರುತು. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಒಂದೊಂದು ಬದಿಗೆ ನಾಲ್ಕು ಕಾಯಿ. ಎಂಟು ಜನ ದೊಡ್ಡವರಿದ್ದರೆ ಇಬ್ಬಿಬ್ಬರ ಜೋಡಿ. ಹೊರಸುತ್ತಿನ 16 ಮನೆ ಅಪ್ರದಕ್ಷಿಣೆಯಾಗಿ, ಒಳಸುತ್ತಿನ ಎಂಟು ಪ್ರದಕ್ಷಿಣೆಯಾಗಿ, ಆಮೇಲೆ ಮಧ್ಯದ ಮನೆ ಸೇರಿದ ಕಾಯಿ ಹಣ್ಣು.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಬಟ್ಟೆ ಒಗೆಯುವ ಒರಟು ಕಲ್ಲಿನ ಮೇಲೆ ಒಂದು ಮಗ್ಗುಲನ್ನು ಮಾತ್ರ ಉಜ್ಜಿ, ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ. ಬೆರಳು ಬಿಸಿಯಾಗುತ್ತದೆ, ಹುರಿದ ಹುಣಸೆ ಬೀಜದ ವಾಸನೆ ಬರುತ್ತದೆ. ಎಷ್ಟು ಬಿಳಿ ಮೇಲಾಯಿತೋ ಅಷ್ಟು ಮನೆ: ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಇವೆರಡಕ್ಕೂ ಇನ್ನೊಂದು ಆಟ. ಎರಡು ಮಗ್ಗುಲೂ ಸರಿಸಮ ಬೀಳುವ ಬೀಜವಾದರೆ 16ರಲ್ಲಿ ಆರು ಸಲ ಎರಡು ಬೀಳುತ್ತದೆ, ಚೌಕ ಒಂದು ಸಲ, ಬಾರ ಒಂದು ಸಲ. ಒಬ್ಬರಿಗೇ ಪದೇ ಪದೇ ಬಾರ ಬೀಳುತ್ತಿದ್ದರೆ ಬೀಜ ನೋಡಿ, ಉಜ್ಜಿದ್ದು ಓರೆಯಾಗಿರುತ್ತದೆ.

ಒಳಸುತ್ತಿಗೆ ಹೋಗಲು ಒಂದು ಕಾಯಿ ಕಡಿದಿರಲೇಬೇಕೆ, ಒಂದರ ಹಿಂದೊಂದು ಮೂರು ಸಲ ಚೌಕವೋ ಬಾರವೋ ಬಿದ್ದರೆ ಆಟ ಕೆಟ್ಟಿತೆ, ಇವೆರಡನ್ನು ಮೊದಲೇ ಮಾತಾಡಿಕೊಳ್ಳಿ. ಬೇಲೂರಿನ ಮನೆಯ ನಿಯಮವೇ ಬೇರೆ, ಕಡೂರಿನ ಮನೆಯದೇ ಬೇರೆ. ಜಗಳ ಬರುವುದು ಯಾವಾಗಲೂ ಇಲ್ಲೇ, ಅದೂ ಮಕ್ಕಳ ನಡುವೆ ಅಲ್ಲ.

ಉಳಿದ ಕಡುಬನ್ನು ಫ್ರಿಜ್ಜಿಗಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಬಿರುಸಾಗಿರುತ್ತದೆ, ಒಗ್ಗರಣೆಗೆ ಬೇಕಾದದ್ದೂ ಅದೇ. ಸೋಮವಾರ ಬೆಳಿಗ್ಗೆ ಬೆರಳ ದಪ್ಪಕ್ಕೆ ಹೆಚ್ಚಿ, ಸಾಸಿವೆ, ಕಡಲೇಬೇಳೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಐದು ನಿಮಿಷ ಕೆಂಪಗೆ ಮಾಡಿ, ಕಾಯಿತುರಿ ಉದುರಿಸಿ ಮಕ್ಕಳ ಡಬ್ಬಕ್ಕೆ ಹಾಕಿ. ಮುಚ್ಚಳ ಹಾಕುವ ಮುನ್ನ ಸ್ವಲ್ಪ ಆರಲಿ, ಇಲ್ಲದಿದ್ದರೆ ಹಬೆಗೆ ಮತ್ತೆ ಮೆತ್ತಗಾಗುತ್ತದೆ.