ಹವಾಮಾನ ಒಪ್ಪಂದ ನ್ಯಾಯವಾಗಿದ್ಯಾ ಅಂತ ಚೆಕ್ ಮಾಡೋದು ಹೇಗೆ?

ಯಾವ್ದಾದ್ರೂ ದೇಶ ಹವಾಮಾನದ ಬಗ್ಗೆ ದೊಡ್ಡದಾಗಿ ಘೋಷಣೆ ಮಾಡಿದ್ರೆ ಈ ವರ್ಷದ ಒಟ್ಟು ಎಮಿಷನ್ (ಗಾಳಿಗೆ ಬಿಡೋ ಕಾರ್ಬನ್) ಒಂದನ್ನೇ ನೋಡ್ಬೇಡಿ. ತಲಾ ಲೆಕ್ಕ ನೋಡಿ, ಆಮೇಲೆ ಹಳೇ ಲೆಕ್ಕ ತೆಗೀರಿ, ಯಾಕಂದ್ರೆ ಕಾರ್ಬನ್ ಡೈಆಕ್ಸೈಡ್ ನೂರಾರು ವರ್ಷ ಗಾಳೀಲೇ ಇರತ್ತೆ, ಇವತ್ತು ಚೀನಾ ನಂಬರ್ ಒನ್ ಆದ್ರೂ ಇಲ್ಲೀವರೆಗಿನ ಒಟ್ಟು ಮೊತ್ತದಲ್ಲಿ ಅಮೆರಿಕದ್ದೇ ಹೆಚ್ಚುಕಮ್ಮಿ ಕಾಲು ಭಾಗ. ಜವಾಬ್ದಾರಿ ಎಲ್ರದ್ದೂ, ಆದ್ರೆ ಒಂದೇ ಸಮ ಅಲ್ಲ ಅಂತ 1992ರ ವಿಶ್ವಸಂಸ್ಥೆ ಹವಾಮಾನ ಒಪ್ಪಂದದಲ್ಲೇ ಇದೆ.

ಈಗ ದುಡ್ಡಿನ ವಿಷ್ಯ, ಆಟ ಇರೋದೇ ಇಲ್ಲಿ. 2009ರಲ್ಲಿ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡ್ತೀವಿ ಅಂದ್ರು, ಅಲ್ಲಿಗೆ ಮುಟ್ಟಿದ್ದು 2022ರಲ್ಲಿ, ಅದೂ ಸರ್ಕಾರಿ ದುಡ್ಡಲ್ಲಿ ಬಹುಪಾಲು ಸಾಲ! ಹಾಗಾಗಿ ಮೊತ್ತ ಕೇಳಿ ಮರುಳಾಗ್ಬೇಡಿ, ಗ್ರ್ಯಾಂಟ್ ಎಷ್ಟು, ಲೋನ್ ಎಷ್ಟು, ಹೊಸ ದುಡ್ಡಾ ಇಲ್ಲಾ ಹಳೇ ನೆರವಿಗೇ ಹೊಸ ಹೆಸ್ರಾ ಅಂತ ಹುಡುಕಿ. 2024ರಲ್ಲಿ ಬಾಕು ಸಮ್ಮೇಳನದಲ್ಲಿ 2035ರೊಳಗೆ ವರ್ಷಕ್ಕೆ 300 ಬಿಲಿಯನ್ ಅಂದ್ರಲ್ಲ, ಅದಕ್ಕೂ ಇದೇ ಪ್ರಶ್ನೆ (ಬಡ ದೇಶಗಳು ಕೇಳಿದ್ದು 1.3 ಟ್ರಿಲಿಯನ್).

2022ರಲ್ಲಿ ಒಪ್ಕೊಂಡ ನಷ್ಟ ಪರಿಹಾರ ನಿಧಿ (ಹವಾಮಾನ ಬದಲಾವಣೆಯಿಂದ ಹಾನಿಯಾದ ಬಡ ದೇಶಗಳಿಗೆ ನೆರವು) ಬಗ್ಗೆ ಓದೋವಾಗ ಕೊಡ್ತೀವಿ ಅಂದಿದ್ದು ಬೇರೆ, ಖಾತೆಗೆ ಬಿದ್ದಿದ್ದು ಬೇರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.