ಇಲಿಯಡ್ ಕಾಮಿಕ್ಸ್ ಮಾಡುವಾಗ ಹೆಕ್ಟರನ ಹೆಲ್ಮೆಟ್ ಕೊಟ್ಟ ಕಾಟ

ಗ್ರೀಕರು ಟ್ರಾಯ್ ಊರಿನ ಮೇಲೆ ಮಾಡಿದ ಯುದ್ಧದ ಬಗ್ಗೆ ಹೋಮರ್ ಹೆಸರಲ್ಲಿರೋ ಹಳೇ ಗ್ರೀಕ್ ಮಹಾಕಾವ್ಯ ಇಲಿಯಡ್ ಮೇಲೆ ಗ್ರಾಫಿಕ್ ನಾವೆಲ್ ಮಾಡ್ತಿದೀನಿ ಅಂದ ತಕ್ಷಣ ಎಲ್ರೂ ಕೇಳೋದು ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆ ಎಲ್ಲಿ ಬರುತ್ತೆ ಅಂತ. ಬರಲ್ಲ ಮಾರಾಯ್ರೆ! ಅದ್ರಲ್ಲಿ ಕುದುರೆನೂ ಇಲ್ಲ, ಗ್ರೀಕ್ ವೀರ ಅಕಿಲೀಸ್ ಸಾಯೋದೂ ಇಲ್ಲ, ಹತ್ತು ವರ್ಷದ ಯುದ್ಧದ ಕೊನೆ ವರ್ಷದಲ್ಲಿ ಸುಮಾರು ಐವತ್ತು ದಿನದ ಕಥೆ ಅಷ್ಟೆ, ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಗೆ ಮುಗಿದುಹೋಗುತ್ತೆ. ಹಾಗಿದ್ರೂ 24 ಸರ್ಗ, 15,000ಕ್ಕೂ ಹೆಚ್ಚು ಸಾಲು. ಪೂರ್ತಿ ಬಿಡಿಸೋಕೆ ಕೂತ್ರೆ ಈ ಜನ್ಮ ಸಾಲಲ್ಲ ಅಂತ ಹೆಕ್ಟರನ ಎಳೆ ಒಂದನ್ನೇ ಹಿಡ್ಕೊಂಡೆ. 2ನೇ ಸರ್ಗದಲ್ಲಿ ಬರೋ ಹಡಗುಗಳ ಉದ್ದುದ್ದ ಪಟ್ಟಿ ಮಾತಿಲ್ಲದ ಒಂದು ಡಬಲ್ ಪೇಜ್ ಚಿತ್ರ ಆಯ್ತು, ಅದಕ್ಕೆ ನಂಗೇನೂ ಬೇಜಾರಿಲ್ಲ.

ಇಲಿಯಡ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಪಾತ್ರಗಳ ಮಾತೇ. ಕೇಳೋಕೆ ಕಾಮಿಕ್ಸ್‌ಗೆ ಹೇಳಿ ಮಾಡ್ಸಿದ ಹಾಗಿದೆ, ಆದ್ರೆ ಒಬ್ಬೊಬ್ಬ ಎದ್ದು ನಿಂತ್ರೆ ಕೂರೋ ಆಸಾಮಿನೇ ಅಲ್ಲ, ಮಾತು ಬರೆಯೋ ಬಲೂನ್ ತುಂಬ ಅಕ್ಷರ ಆಗಿ ಮುಖವೇ ಮುಚ್ಚಿಹೋಗುತ್ತೆ. ಅದ್ರ ಜೊತೆಗೆ "ವೇಗದ ಕಾಲಿನ ಅಕಿಲೀಸ್", "ಥಳಥಳಿಸೋ ಹೆಲ್ಮೆಟ್ಟಿನ ಹೆಕ್ಟರ್" ಅಂತ ಬಿರುದುಗಳು, ಅಕಿಲೀಸ್ ಸುಮ್ನೆ ಕೂತಿದ್ರೂ ವೇಗದ ಕಾಲೇ. ಬಾಯಲ್ಲಿ ಕಟ್ಟಿ ಹಾಡೋರಿಗೆ ಸಾಲಿನ ಲಯ ತುಂಬೋಕೆ ಅವು ಬೇಕಿತ್ತು, ಪುಟದಲ್ಲಿ ಓದೋರಿಗೆ ಬೇಡ. ಹಾಗಂತ ಬಿಸಾಕೋಕೂ ಮನಸ್ಸಿಲ್ಲ, ಅದಕ್ಕೆ ಮಾತಿಂದ ತೆಗೆದು ಚಿತ್ರಕ್ಕೆ ಹಾಕ್ದೆ: ಹೆಕ್ಟರ್ ಎಷ್ಟೇ ದೂರ ಇರ್ಲಿ, ಹೆಲ್ಮೆಟ್ ಮೇಲಿನ ಕುದುರೆಕೂದಲ ಜುಟ್ಟು ನೋಡಿದ್ರೇ ಅವನು ಅಂತ ಗೊತ್ತಾಗ್ಬೇಕು.

6ನೇ ಸರ್ಗದಲ್ಲಿ ಇದು ಚೆನ್ನಾಗಿ ಕೆಲಸ ಮಾಡ್ತು. ಅಪ್ಪ ಹೆಕ್ಟರ್ ಎತ್ಕೊಳ್ಳೋಕೆ ಬಂದ್ರೆ ಮಗು ಆ ಜುಟ್ಟು ನೋಡಿ ಚೀರುತ್ತೆ, ಗಂಡ ಹೆಂಡ್ತಿ ನಗ್ತಾರೆ, ಅವನು ಹೆಲ್ಮೆಟ್ ತೆಗೆದು ನೆಲದ ಮೇಲಿಡ್ತಾನೆ. ಅಲ್ಲಿ ಕ್ಯಾಮೆರಾನ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಿದೆ, ಮೂರು ಪ್ಯಾನೆಲ್ (ಚಿತ್ರದ ಚೌಕಟ್ಟು), ಬಲೂನೇ ಇಲ್ಲ.

ಕಾಟ ಶುರುವಾಗಿದ್ದು ಆಮೇಲೆ. ಅಕಿಲೀಸನ ಜೀವದ ಗೆಳೆಯ ಪೆಟ್ರೋಕ್ಲಸ್ ಅವನ ಕವಚ ಹಾಕ್ಕೊಂಡು ಯುದ್ಧಕ್ಕೆ ಹೋಗ್ತಾನೆ, ಹೆಕ್ಟರ್ ಅವನನ್ನ ಕೊಂದು ಆ ಕವಚ ತಾನೇ ತೊಟ್ಕೊಳ್ತಾನೆ. ಅಂದ್ರೆ 22ನೇ ಸರ್ಗದ ಕೊನೆ ಕಾಳಗದಲ್ಲಿ ಅಕಿಲೀಸ್ ಈಟಿ ಎತ್ತೋದು ತನ್ನದೇ ಹಳೇ ಕವಚದೊಳಗಿರೋ ಮನುಷ್ಯನ ಮೇಲೆ, ನಾನು ಅಷ್ಟು ಕಷ್ಟಪಟ್ಟು ಕಟ್ಟಿದ ಗುರುತೆಲ್ಲ ಅದಲು ಬದಲು. ಕವಚ ಸ್ವಲ್ಪ ದೊಗಳೆ ಮಾಡಿ ಗುರುತು ಹಿಡಿಸೋಣ ಅಂದ್ರೆ ಅದಕ್ಕೂ ದಾರಿ ಇಲ್ಲ, ದೇವತೆಗಳ ರಾಜ ಝ್ಯೂಸ್ ಅದನ್ನ ಹೆಕ್ಟರನ ಮೈಗೆ ಸರಿಯಾಗಿ ಕೂರಿಸಿದ ಅಂತ 17ನೇ ಸರ್ಗದಲ್ಲೇ ಇದೆ! ಕೊನೆಗೆ ಗೊಂದಲನ ಗೊಂದಲವಾಗಿಯೇ ಬಿಟ್ಟೆ. ಅಕಿಲೀಸ್ ಹೆಕ್ಟರನ್ನ ಅಟ್ಟಿಸ್ಕೊಂಡು ಓಡೋ ಪುಟಗಳಲ್ಲಿ ಇಬ್ಬರದ್ದೂ ಬರೀ ನೆರಳು, ಯಾರು ಯಾರು ಅಂತ ಗೊತ್ತಾಗಲ್ಲ, ಈಟಿ ನುಗ್ಗೋ ಕತ್ತಿನ ಹತ್ತಿರದ ಸಂದು ಕಾಣೋ ಪ್ಯಾನೆಲ್‌ನಲ್ಲಿ ಮಾತ್ರ ಹೆಕ್ಟರನ ಮುಖ.

ಅದಾದ್ಮೇಲಿನ ಜೋಡಿ ಪ್ಯಾನೆಲ್‌ಗೆ ಹೋಮರ್‌ಗೇ ಕ್ರೆಡಿಟ್ಟು. ಗಂಡ ಸತ್ತಿರೋದು ಗೊತ್ತಿಲ್ದೆ ಆಂಡ್ರೊಮಕಿ ಮಗ್ಗದಲ್ಲಿ ನೇಯ್ತಾ, ಅವನ ಸ್ನಾನಕ್ಕೆ ನೀರು ಕಾಯ್ಸಿ ಅಂತ ಕೆಲಸದವರಿಗೆ ಹೇಳ್ತಿರ್ತಾಳೆ. ಎಡಕ್ಕೆ ಧೂಳಲ್ಲಿ ಅಕಿಲೀಸ್ ರಥದ ಹಿಂದೆ ಎಳೆದಾಡ್ತಿರೋ ಹೆಕ್ಟರನ ಹೆಣ, ಬಲಕ್ಕೆ ಒಲೆ ಮೇಲಿನ ಹಂಡೆ. ನಾನು ಮಧ್ಯ ಒಂದು ಗೆರೆ ಎಳೆದೆ, ಅಷ್ಟೇ ನನ್ನ ಕೆಲಸ.

ದೇವತೆಗಳಿಗೆ ಒಂದು ನಿಯಮ ಇಟ್ಕೊಂಡೆ. 1ನೇ ಸರ್ಗದಲ್ಲಿ ಅಥೀನಾ ಹಿಂದಿಂದ ಬಂದು ಅಕಿಲೀಸನ ಕೂದಲು ಹಿಡಿದು ಎಳೀತಾಳೆ, ಆದ್ರೆ ಅವನಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಅವನ ಕಣ್ಣಿಂದ ನೋಡೋ ಪ್ಯಾನೆಲ್‌ನಲ್ಲಿ ಅವಳಿದಾಳೆ, ಸಭೆಯವರ ಕಣ್ಣಿಂದ ನೋಡಿದ್ರೆ ಕೂದಲು ಸುಮ್ನೆ ಗಾಳೀಲಿ ನಿಂತಿದೆ. ಜನಕ್ಕೆ ತುಂಬಾ ಇಷ್ಟ ಆಗಿರೋ ಪುಟ ಇದೇ.

ಲೆಟರಿಂಗ್ ಬಗ್ಗೆ ಕೇಳೋರಿಗೆ: ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಪದಗಳೂ ಉದ್ದ, ಹಾಗಾಗಿ ಬಲೂನ್ ಅಗಲಕ್ಕೆ ಹೋಗ್ಲಿ. ಕೆಲವು ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬರುತ್ತೆ, ಅದಕ್ಕೆ ನಾನು ಅಕ್ಷರ ಇಂಕ್‌ಸ್ಕೇಪ್‌ನಲ್ಲಿ ಹಾಕ್ತೀನಿ. ಕಿರುಚಾಟಕ್ಕೆ ಬಲೂನೇ ಹಾಕಿಲ್ಲ. ಆ ಐಡಿಯಾ ಸಿಕ್ಕಿದ್ದು ವ್ಯಾಟಿಕನ್‌ನಲ್ಲಿರೋ, ಗ್ರೀಕ್ ಚಿತ್ರಕಾರ ಎಕ್ಸೆಕಿಯಾಸನ ಹೂಜಿಯಿಂದ, ಕ್ರಿ.ಪೂ. 6ನೇ ಶತಮಾನದ್ದು. ಅಕಿಲೀಸ್, ಇನ್ನೊಬ್ಬ ಗ್ರೀಕ್ ವೀರ ಏಜಾಕ್ಸ್ ಕೂತು ಪಗಡೆ ತರದ ಆಟ ಆಡ್ತಿದಾರೆ, ಒಬ್ಬನ ಬಾಯಿ ಹತ್ತಿರ "ನಾಲ್ಕು", ಇನ್ನೊಬ್ಬನ ಬಾಯಿ ಹತ್ತಿರ "ಮೂರು" ಅಂತ ಗ್ರೀಕ್ ಅಕ್ಷರ. ಈ ಆಟದ ದೃಶ್ಯ ಇಲಿಯಡ್‌ನಲ್ಲಿಲ್ಲ, ಇರ್ಲಿ, 18ನೇ ಸರ್ಗದಲ್ಲಿ ಅಕಿಲೀಸ್ ಕಂದಕದ ಹತ್ತಿರ ನಿಂತು ಅಬ್ಬರಿಸೋ ಪುಟದಲ್ಲಿ ಅಕ್ಷರಗಳು ಹಾಗೇ ಬಾಯಿಂದ ಹರೀತವೆ.

ಅದೇ ಸರ್ಗದಲ್ಲಿ ಅಕಿಲೀಸನಿಗೆ ಹೊಸದಾಗಿ ಮಾಡಿಕೊಡೋ, ಮೈತುಂಬ ಚಿತ್ರ ಇರೋ ಗುರಾಣಿ ಇನ್ನೂ ಬಾಕಿ. ಎರಡು ಊರು, ಮದುವೆ, ಪಂಚಾಯ್ತಿ, ಮುತ್ತಿಗೆ, ಉಳುಮೆ, ಕೊಯ್ಲು, ದ್ರಾಕ್ಷಿ ತೋಟ, ಕುಣಿತ, ಸುತ್ತ ಸಮುದ್ರ, ಎಲ್ಲ ಒಂದೇ ಗುರಾಣೀಲಿ. ವೃತ್ತದಲ್ಲಿ ಓದುಗ ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಸದ್ಯಕ್ಕೆ ಬಗೆಹರಿದಿಲ್ಲ, ನಡುವಿನ ಸೂರ್ಯನಿಂದ ಸುರುಳಿಯಾಗಿ ಹೊರಗೆ ತರೋ ಒಂದು ಲೇಔಟ್ ಹಾಕಿ ನೋಡ್ತಿದೀನಿ.